ಹೆಸರುಂಟು, ಬೆಲೆಯಿಲ್ಲ

ಲೆಕ್ಕ ತಪ್ಪುವುದಕ್ಕೆ ಎರಡು ದಾರಿಗಳುಂಟು. ಬೆಲೆಯನ್ನು ತಪ್ಪಾಗಿ ಬರೆಯುವುದು ಒಂದು. ಬೆಲೆಯನ್ನು ಬರೆಯದೆಯೇ ಬಿಟ್ಟು, ಬರೆದಿದ್ದೇವೆಂದು ತಿಳಿದು ಮುಂದೆ ಸಾಗುವುದು ಇನ್ನೊಂದು. ಮೊದಲನೆಯ ತಪ್ಪನ್ನು ತಾಳೆ ನೋಡಿದವರು ಹಿಡಿದಾರು. ಎರಡನೆಯದು ಮರೆಯಲ್ಲಿ ನಿಂತು ಕಾಡುವಂಥದು. ಖಾತೆಯ ಪುಸ್ತಕದಲ್ಲಿ ಹೆಸರಿರುತ್ತದೆ, ಹೆಸರಿನ ಮುಂದಿನ ಮನೆ ಬರಿದಾಗಿರುತ್ತದೆ. ಆ ಬರಿಯ ಮನೆಗೆ ಅರ್ಥವೇನು? ಕೊಡಬೇಕಾದ್ದು ಏನೂ ಇಲ್ಲವೆಂದೆ? ಎಷ್ಟೆಂಬುದು ಇನ್ನೂ ಗೊತ್ತಾಗಿಲ್ಲವೆಂದೆ? ಅಥವಾ ಬರೆಯುವವನು ಮರೆತನೆಂದೆ? ಈ ಮೂರೂ ಬೇರೆ ಬೇರೆ ಸಂಗತಿಗಳು. ಮೂರಕ್ಕೂ ಒಂದೇ ಬರಿಯ ಮನೆಯನ್ನು ಬಿಟ್ಟವನು ಸಾಲಗಾರನಿಗೂ ಸಾಹುಕಾರನಿಗೂ ಒಟ್ಟಿಗೇ ಅನ್ಯಾಯ ಮಾಡಿದಂತಾಯಿತು.

ಈ ತೊಡಕು ಇಂದು ಕಾಗದದ ಪುಸ್ತಕಕ್ಕೆ ಮಾತ್ರ ಸೇರಿದ್ದಲ್ಲ. ಕರ್ನಾಟಕದ ಪಹಣಿಗಳು 2000ದ ಸುಮಾರಿಗೆ ‘ಭೂಮಿ’ ಯೋಜನೆಯ ಮೂಲಕ ಗಣಕಯಂತ್ರವನ್ನೇರಿದವು. ಬೆಳಗಾವಿ ಸೀಮೆಯ ಜನರು ಉತಾರ ಎಂದು ಕರೆಯುವ ಆ ಕಾಗದವು ತಲಾಠಿಯ ಕೈಬರಹವನ್ನು ಬಿಟ್ಟು ತಾಲೂಕು ಕಚೇರಿಯ ಯಂತ್ರದಿಂದ ಅಚ್ಚಾಗಿ ಹೊರಬರತೊಡಗಿತು. ಇಂದು ಬಸ್ಸಿನ ಟಿಕೀಟು, ವಿದ್ಯುತ್ತಿನ ಬಿಲ್ಲು, ಶಾಲೆಯ ಅರ್ಜಿ ಎಲ್ಲವೂ ಕೈಯಲ್ಲಿನ ಮೊಬೈಲಿನ ಪರದೆಗೆ ಬಂದಿವೆ. ಅಂಥ ಪರದೆಯ ಮೇಲೆ ಊರಿನ ಹೆಸರೋ ಹಣದ ಮೊತ್ತವೋ ಇರಬೇಕಾದ ಕಡೆ ‘ಅನ್‌ಡಿಫೈನ್ಡ್’ ಎಂಬ ಇಂಗ್ಲಿಷ್ ಮಾತು ಕಾಣಿಸಿಕೊಂಡದ್ದನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ನಿಶ್ಚಯವಾಗದ್ದು, ಬೆಲೆ ಕಟ್ಟದೆ ಉಳಿದದ್ದು ಎಂದು ಅದರ ಅರ್ಥ. ಆ ಮಾತು ಅಲ್ಲಿಗೆ ಹೇಗೆ ಬಂದಿತು, ಅದನ್ನು ತೊಲಗಿಸುವ ಸರಿಯಾದ ಬಗೆ ಯಾವುದು ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಿನ ಕಾಲಕ್ಕೆ ಹೋಗಬೇಕು. ದೂರದ ನಾಡಿಗೆ ಹೋಗುವ ಮುನ್ನ ನಮ್ಮ ರಾಯಬಾಗಕ್ಕೇ ಹೋಗೋಣ.

ಇಂದಿನ ರಾಯಬಾಗವು ಹಳಗನ್ನಡದ ಪೂವಿನಬಾಗೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಸವದತ್ತಿಯ ರಟ್ಟರು ಆಳಿದ ಕೂಂಡಿ ಮೂರುಸಾವಿರ ನಾಡಿನ ಸೀಮೆಯಿದು. 12ನೆಯ ಶತಮಾನದಲ್ಲಿ ಈ ಪೂವಿನಬಾಗೆಯಿಂದ ರಾಜಾದಿತ್ಯನೆಂಬ ಜೈನ ಕವಿಯು ಹೊರಬಂದನು. ಕನ್ನಡದಲ್ಲಿ ಗಣಿತಶಾಸ್ತ್ರವನ್ನು ಬರೆದವರಲ್ಲಿ ನಮಗೆ ತಿಳಿದಮಟ್ಟಿಗೆ ಇವನೇ ಮೊದಲಿಗ. ವ್ಯವಹಾರಗಣಿತ, ಕ್ಷೇತ್ರಗಣಿತ, ವ್ಯವಹಾರರತ್ನ, ಲೀಲಾವತಿ, ಚಿತ್ರಹಸುಗೆ, ಜೈನಗಣಿತಸೂತ್ರಟೀಕೋದಾಹರಣ ಎಂಬ ಕೃತಿಗಳು ಇವನ ಹೆಸರಿನಲ್ಲಿವೆ. ಗಣಿತವು ಪಂಡಿತರ ಸಂಸ್ಕೃತದಲ್ಲಿ ಮಾತ್ರ ಇದ್ದರೆ ಸಾಲದು, ಕೊಡುವ ಕೊಳ್ಳುವ ಜನರ ಭಾಷೆಯಲ್ಲಿಯೂ ಇರಬೇಕೆಂಬುದು ಅವನ ಕೆಲಸದಿಂದಲೇ ತಿಳಿಯುತ್ತದೆ. ವ್ಯವಹಾರವೆಂಬ ಮಾತನ್ನು ಅವನು ಪುಸ್ತಕದ ಹೆಸರಿನಲ್ಲಿಯೇ ಇಟ್ಟನು. ಲೆಕ್ಕದ ತಪ್ಪು ಮೊದಲು ಬಾಧಿಸುವುದು ವ್ಯವಹಾರವನ್ನಲ್ಲವೆ?

ರಾಜಾದಿತ್ಯನ ಬೆನ್ನ ಹಿಂದೆ ಇನ್ನೂ ದೊಡ್ಡದೊಂದು ಪರಂಪರೆಯಿದ್ದಿತು. ಮಾನ್ಯಖೇಟದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿದನು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಲೋಕದ ಗಣಿತಜ್ಞರ ಗಮನ ಅದರ ಕಡೆಗೆ ಹರಿಯಿತು. ನಮ್ಮ ಇಂದಿನ ವಿಷಯಕ್ಕೆ ಅದರಲ್ಲಿನ ಎರಡು ಮಾತುಗಳು ಮುಖ್ಯ. ಒಂದು, ಋಣಸಂಖ್ಯೆಯು ತನ್ನ ಸ್ವಭಾವದಿಂದ ವರ್ಗವಾಗಲಾರದು, ಆದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಅವನು ಸ್ಪಷ್ಟವಾಗಿ ಹೇಳಿದನು. ಪ್ರಶ್ನೆಯನ್ನು ಕೇಳಬಹುದು, ಉತ್ತರ ಮಾತ್ರ ಇಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯವಿದು. ಎರಡು, ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೆಯೇ ಉಳಿಯುವುದೆಂದನು. ಇಲ್ಲಿ ಮಾತ್ರ ಇಂದಿನ ಗಣಿತವು ಅವನನ್ನು ಒಪ್ಪುವುದಿಲ್ಲ.

ಸೊನ್ನೆಯಿಂದ ಭಾಗಿಸುವ ಪ್ರಶ್ನೆಗೆ ನಮ್ಮವರು ಕೊಟ್ಟ ಉತ್ತರಗಳನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಒಂದು ಕುತೂಹಲದ ಇತಿಹಾಸವೇ ಆಗುತ್ತದೆ. 628ರಲ್ಲಿ ಬ್ರಹ್ಮಸ್ಫುಟಸಿದ್ಧಾಂತವನ್ನು ಬರೆದ ಬ್ರಹ್ಮಗುಪ್ತನು ಸೊನ್ನೆಯನ್ನು ಇತರ ಸಂಖ್ಯೆಗಳ ಪಂಕ್ತಿಯಲ್ಲಿ ಕೂರಿಸಿ, ಅದನ್ನು ಕೂಡುವ ಕಳೆಯುವ ಗುಣಿಸುವ ನಿಯಮಗಳನ್ನು ಹೇಳಿದನು. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದೂ ಹೇಳಿದನು. ಬಳಿಕ ಮಹಾವೀರನ ಉತ್ತರ. 1150ರಲ್ಲಿ ಭಾಸ್ಕರಾಚಾರ್ಯನು ಅದಕ್ಕೆ ಖಹರವೆಂದು ಹೆಸರಿಟ್ಟು, ಅದು ಅನಂತರಾಶಿಯೆಂದನು. ಮೂವರೂ ಪ್ರತಿಭಾವಂತರು, ಮೂವರದೂ ಬೇರೆ ಬೇರೆ ಉತ್ತರ. ಆದರೆ ಬ್ರಹ್ಮಗುಪ್ತನು ಕಲಿಸಿದ ಒಂದು ಪಾಠ ಸ್ಥಿರವಾಗಿ ನಿಂತಿತು. ಸೊನ್ನೆಯೆಂಬುದು ಒಂದು ಬೆಲೆ. ಬೆಲೆಯೇ ಇಲ್ಲದಿರುವುದು ಬೇರೆ. ಮಳೆಯ ಪುಸ್ತಕದಲ್ಲಿ ಸೊನ್ನೆ ಇದ್ದರೆ ಅಂದು ಮಳೆ ಬರಲಿಲ್ಲವೆಂದರ್ಥ. ಮನೆ ಬರಿದಾಗಿದ್ದರೆ ಅಂದು ಅಳೆಯುವವನು ಬರಲಿಲ್ಲವೆಂದರ್ಥ. ಈ ಎರಡನ್ನು ಕಲಸಿದವನು ಬರಗಾಲವನ್ನೂ ಗೈರುಹಾಜರಿಯನ್ನೂ ಒಂದೇ ಮಾಡಿದನು.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಬಸದಿಗಳ ನೆರಳಿನಲ್ಲಿ ಬೆಳೆದವರಿಗೆ ಈ ಬಗೆಯ ಭೇದ ಹೊಸದಲ್ಲ. ಜೈನರ ಸ್ಯಾದ್ವಾದವು ಒಂದು ವಸ್ತುವಿನ ವಿಷಯದಲ್ಲಿ ಏಳು ಬಗೆಯಾಗಿ ಮಾತನಾಡಬಹುದೆಂದು ಹೇಳುತ್ತದೆ. ಅವುಗಳಿಗೆ ಬುನಾದಿಯಾದವು ಮೂರು: ಅಸ್ತಿ, ಎಂದರೆ ಉಂಟು, ನಾಸ್ತಿ, ಎಂದರೆ ಇಲ್ಲ, ಅವಕ್ತವ್ಯ, ಎಂದರೆ ಹೇಳಲಾಗದು. ‘ಇಲ್ಲ’ ಮತ್ತು ‘ಹೇಳಲಾಗದು’ ಇವೆರಡನ್ನು ಬೇರೆ ಮನೆಗಳಲ್ಲಿಟ್ಟ ಆ ತಾರ್ಕಿಕರು ಗಣಕಯಂತ್ರವನ್ನು ಕನಸಿನಲ್ಲಿಯೂ ಕಂಡವರಲ್ಲ. ಅವರ ಗುರಿಯೂ ಬೇರೆಯಾಗಿತ್ತು. ಆದರೂ ಯಂತ್ರದ ಭಾಷೆಯನ್ನು ಕಟ್ಟಿದವರು ಬಹುಕಾಲದ ಮೇಲೆ ಇದೇ ಭೇದದ ಬಾಗಿಲಿಗೆ ಬಂದು ನಿಲ್ಲಬೇಕಾಯಿತು.

ಆ ಕಥೆ 1965ರಲ್ಲಿ ಮೊದಲಾಗುತ್ತದೆ. ಸಿಂಹಳದ ಕೊಲಂಬೊದಲ್ಲಿ 1934ರಲ್ಲಿ ಹುಟ್ಟಿದ ಇಂಗ್ಲಿಷ್ ಗಣಕವಿಜ್ಞಾನಿ ಟೋನಿ ಹೋರ್ ಅವರು ಅಲ್ಗಾಲ್ ಡಬ್ಲ್ಯೂ ಎಂಬ ಭಾಷೆಗಾಗಿ ಒಂದು ವ್ಯವಸ್ಥೆಯನ್ನು ರೂಪಿಸುತ್ತಿದ್ದರು. ಯಂತ್ರದ ಸ್ಮೃತಿಯಲ್ಲಿ ಒಂದು ದಾಖಲೆ ಇನ್ನೊಂದು ದಾಖಲೆಯ ಕಡೆಗೆ ಬೆರಳು ತೋರಿಸಬೇಕಾಗುತ್ತದೆ. ತೋರಿಸಲು ಏನೂ ಇಲ್ಲದಿದ್ದಾಗ ಏನು ಮಾಡಬೇಕು? ಎಲ್ಲಿಗೂ ತೋರಿಸದ ಬೆರಳಿಗೆ ಅವರು ‘ನಲ್’ ಎಂಬ ಗುರುತನ್ನು ಇಟ್ಟರು. ಮಾಡುವುದು ಬಲು ಸುಲಭವಾಗಿತ್ತೆಂಬುದೇ ಅದಕ್ಕೆ ಕಾರಣವೆಂದು ಮುಂದೆ ಅವರೇ ಹೇಳಿದರು. 2009ರಲ್ಲಿ ಲಂಡನ್ನಿನ ಒಂದು ಸಮ್ಮೇಳನದಲ್ಲಿ ಆ ನಿರ್ಧಾರವನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪೆಂದು ಕರೆದು, ಸಭೆಯ ಮುಂದೆ ವಿಷಾದ ಸೂಚಿಸಿದರು. ನಲ್ ಇರುವ ಕಡೆ ನಿಜವಾದ ದಾಖಲೆಯಿದೆಯೆಂದು ನಂಬಿ ಕೈಹಾಕಿದ ಅಸಂಖ್ಯ ಕ್ರಮವಿಧಿಗಳು ಆ ನಾಲ್ಕು ದಶಕಗಳಲ್ಲಿ ಮುಗ್ಗರಿಸಿದ್ದವು.

ಇನ್ನೊಂದು ಕವಲು ಸಂಖ್ಯೆಗಳ ಕಡೆಯದು. 1985ರಲ್ಲಿ ಐಇಇಇ 754 ಎಂಬ ಮಾನಕವು ದಶಾಂಶದ ಲೆಕ್ಕಗಳನ್ನು ಎಲ್ಲ ಯಂತ್ರಗಳೂ ಒಂದೇ ಬಗೆಯಲ್ಲಿ ಮಾಡಬೇಕೆಂದು ವಿಧಿಸಿತು. ಬರ್ಕ್ಲಿಯ ವಿಲಿಯಂ ಕಹಾನ್ ಅವರು ಅದರ ಮುಖ್ಯ ಶಿಲ್ಪಿ. ಆ ಮಾನಕದಲ್ಲಿ ‘ನ್ಯಾನ್’ ಎಂಬ ಒಂದು ವಿಚಿತ್ರ ಬೆಲೆಯುಂಟು. ಇದು ಸಂಖ್ಯೆಯಲ್ಲ ಎಂದು ಅದರ ಅರ್ಥ. ಅದು ಯಾವ ಲೆಕ್ಕದೊಳಗೆ ಬಿದ್ದರೂ ಆ ಲೆಕ್ಕವೆಲ್ಲ ನ್ಯಾನ್ ಆಗಿಬಿಡುತ್ತದೆ. ಹಾಲಿನ ಕೊಡಕ್ಕೆ ಬಿದ್ದ ಹುಳಿಯಂತೆ. ಇನ್ನೂ ವಿಚಿತ್ರವೆಂದರೆ ಅದು ತನಗೆ ತಾನೇ ಸಮನಲ್ಲ. ಇಂದಿನ ಯಂತ್ರಕ್ಕೆ ಈ ಮಾನಕದಂತೆ ಹದಿನೆಂಟನ್ನು ಸೊನ್ನೆಯಿಂದ ಭಾಗಿಸೆಂದರೆ ‘ಅನಂತ’ವೆನ್ನುತ್ತದೆ, ಭಾಸ್ಕರನ ಪಕ್ಷ ಹಿಡಿದಂತಾಯಿತು. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸೆಂದರೆ ಬ್ರಹ್ಮಗುಪ್ತನನ್ನು ಬಿಟ್ಟು ‘ಇದು ಸಂಖ್ಯೆಯಲ್ಲ’ ಎನ್ನುತ್ತದೆ. ಋಣಸಂಖ್ಯೆಯ ವರ್ಗಮೂಲ ಕೇಳಿದರೂ ಅದೇ ಉತ್ತರ. ಅಲ್ಲಿ ಮಹಾವೀರನ ಮಾತೇ ನಿಂತಿತು.

ಈ ಎರಡು ಕವಲುಗಳೂ ಕೂಡಿದ್ದು ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ. 1995ರ ಮೇ ತಿಂಗಳಿನಲ್ಲಿ ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಬ್ರೆಂಡನ್ ಐಕ್ ಅವರು ಇದರ ಮೊದಲ ರೂಪವನ್ನು ಹತ್ತು ದಿನಗಳಲ್ಲಿ ಕಟ್ಟಿದರು. ಮೊದಲು ಮೋಕಾ, ಆಮೇಲೆ ಲೈವ್‌ಸ್ಕ್ರಿಪ್ಟ್ ಎಂದಿದ್ದ ಹೆಸರು ಅದೇ ವರ್ಷದ ಡಿಸೆಂಬರಿನಲ್ಲಿ ಜಾವಾಸ್ಕ್ರಿಪ್ಟ್ ಆಯಿತು. ಜಾಲಪುಟಗಳಿಗೆ ಚಲನೆಯನ್ನು ಕೊಡುವುದಕ್ಕೆಂದು ಹುಟ್ಟಿದ ಈ ಭಾಷೆಯು ಇಂದು ಲೋಕದ ಬಹುಪಾಲು ಪರದೆಗಳ ಹಿಂದೆ ದುಡಿಯುತ್ತಿದೆ. ಇದರಲ್ಲಿ ಇಲ್ಲದಿರುವಿಕೆಗೆ ಎರಡು ಗುರುತುಗಳಿವೆ. ಜಾವಾ ಎಂಬ ಹಿರಿಯ ಭಾಷೆಯಿಂದ ಬಂದ ನಲ್ ಒಂದು. ಬರೆಯುವವನು ತಾನಾಗಿ ‘ಇಲ್ಲಿ ಏನೂ ಇಲ್ಲ’ ಎಂದು ಹೇಳಲು ಅದನ್ನು ಬಳಸುತ್ತಾನೆ. ಇನ್ನೊಂದು ಅನ್‌ಡಿಫೈನ್ಡ್, ಯಾರೂ ಏನನ್ನೂ ಹೇಳದಿದ್ದಾಗ ಭಾಷೆಯೇ ಅದನ್ನು ತುಂಬುತ್ತದೆ. ಒಂದು ನಾಸ್ತಿ; ಇನ್ನೊಂದು ಅವಕ್ತವ್ಯದ ಹತ್ತಿರದ ನೆಂಟ.

ಆದರೆ ಅವಸರದ ಗುರುತುಗಳೂ ಉಳಿದವು. ಈ ಬೆಲೆ ಯಾವ ಜಾತಿಯದೆಂದು ನಲ್‌ನ ವಿಷಯದಲ್ಲಿ ಭಾಷೆಯನ್ನು ಕೇಳಿದರೆ ‘ವಸ್ತು’ವೆಂದು ಉತ್ತರ ಕೊಡುತ್ತದೆ. ಇದು ತಪ್ಪೆಂದು ಎಲ್ಲರೂ ಬಲ್ಲರು. ತಿದ್ದಿದರೆ ಹಳೆಯ ಪುಟಗಳು ಕೆಟ್ಟಾವೆಂದು ಅದನ್ನು ಹಾಗೆಯೇ ಬಿಟ್ಟಿದ್ದಾರೆ. 2009ರ ಐದನೆಯ ಆವೃತ್ತಿಯವರೆಗೆ ಅನ್‌ಡಿಫೈನ್ಡ್ ಎಂಬ ಹೆಸರಿಗೇ ಯಾರು ಬೇಕಾದರೂ ಬೇರೊಂದು ಬೆಲೆಯನ್ನು ಕೊಡಬಹುದಾಗಿತ್ತು! ಎಲ್ಲಕ್ಕಿಂತ ಮುಖ್ಯವಾದದ್ದು ಇದರ ಮೌನ. ಇಲ್ಲದ ವಸ್ತುವನ್ನು ಕೇಳಿದರೆ ಈ ಭಾಷೆ ಗದರುವುದಿಲ್ಲ; ಅನ್‌ಡಿಫೈನ್ಡ್ ಎಂದು ಕೈಗಿಟ್ಟು ಸುಮ್ಮನಾಗುತ್ತದೆ. ದೋಷವನ್ನು ಹಿಡಿದು ಸಂಭಾಳಿಸುವ ಏರ್ಪಾಡೇ ಈ ಭಾಷೆಯ ಮಾನಕಕ್ಕೆ ಸೇರಿದ್ದು 1999ರ ಮೂರನೆಯ ಆವೃತ್ತಿಯಲ್ಲಿ. ಅದಕ್ಕೆ ಮೊದಲು ಮೌನವೇ ಅದರ ಶಿಷ್ಟಾಚಾರವಾಗಿತ್ತು.

ಈ ಮೌನವು ವ್ಯವಹಾರದಲ್ಲಿ ಏನು ಮಾಡೀತೆಂಬುದಕ್ಕೆ ರಾಜಾದಿತ್ಯನ ಕ್ರಮವನ್ನೇ ಹಿಡಿದು ಒಂದು ಉದಾಹರಣೆಯನ್ನು ಕಟ್ಟೋಣ. ರಾಯಬಾಗ ತಾಲೂಕಿನ ಅಲಖನೂರ ಕಬ್ಬಿನ ಸೀಮೆಯ ಒಂದು ಹಳ್ಳಿ. ಅಲ್ಲಿಯ ರೈತನೊಬ್ಬನು ಕಾಟಾದ ಮೇಲೆ 18 ಟನ್ನು ಕಬ್ಬು ತೂಗಿಸಿದನೆನ್ನಿ. ದರ ಟನ್ನಿಗೆ 3000 ರೂಪಾಯಿ. ಸಾಗಣೆಯ ಖರ್ಚನ್ನು ಊರಿನ ದೂರ ನೋಡಿ ಮುರಿದುಕೊಳ್ಳಬೇಕು, ಅದಕ್ಕೊಂದು ಊರುಪಟ್ಟಿಯುಂಟು, ಅದರಲ್ಲಿ ಅಲಖನೂರಕ್ಕೆ ಟನ್ನಿಗೆ 200 ರೂಪಾಯಿ. 54000ದಲ್ಲಿ 3600 ಕಳೆದು ರೈತನಿಗೆ 50400 ರೂಪಾಯಿ ಸಲ್ಲತಕ್ಕದ್ದು. ಇವು ಕೇವಲ ತಿಳಿವಳಿಕೆಗಾಗಿ ಇಟ್ಟುಕೊಂಡ ಅಂಕಿಗಳು.

ಪಟ್ಟಿಯನ್ನು ಮಾಡಿದವನು ಈ ಭಾಗದ ರೂಢಿಯಂತೆ ‘ಅಲಖನೂರ’ ಎಂದು ಬರೆದಿದ್ದಾನೆ. ಚೀಟಿ ಬರೆಯಲು ಹೊಸದಾಗಿ ಬಂದ ಕಾರಕೂನನು ಮೈಸೂರಿನ ಕಡೆಯ ರೂಢಿಯಂತೆ ‘ಅಲಖನೂರು’ ಎಂದು ಬರೆಯುತ್ತಾನೆ. ನಿಮಗೂ ನನಗೂ ಊರು ಒಂದೇ. ಯಂತ್ರಕ್ಕೆ ಹಾಗಲ್ಲ, ಒಂದು ಉಕಾರ ಹೆಚ್ಚಾದರೆ ಅದು ಬೇರೆಯೇ ಹೆಸರು. ಪಟ್ಟಿಯಲ್ಲಿ ಆ ಹೆಸರು ಸಿಗದೆ ಬೆಲೆ ಅನ್‌ಡಿಫೈನ್ಡ್ ಆಯಿತು. 18ನ್ನು ಅದರಿಂದ ಗುಣಿಸಿದರೆ ನ್ಯಾನ್. 54000ದಲ್ಲಿ ಅದನ್ನು ಕಳೆದರೆ ನ್ಯಾನ್. ಅಂದಿನ ಎಲ್ಲ ರೈತರ ಮೊತ್ತಕ್ಕೆ ಅದನ್ನು ಕೂಡಿಸಿದರೆ ಇಡೀ ದಿನದ ಮೊತ್ತವೇ ನ್ಯಾನ್. ಒಂದು ಉಕಾರಕ್ಕೆ ಊರೆಲ್ಲರ ಲೆಕ್ಕ ಮುಳುಗಿತು.

ಇದು ಅಪರೂಪದ ಪ್ರಸಂಗವೆಂದು ತಿಳಿಯಬೇಡಿರಿ. ನಮ್ಮ ಸೀಮೆಯ ಹೆಸರುಗಳು ಚರಿತ್ರೆಯುದ್ದಕ್ಕೂ ಬದಲಾಗುತ್ತ ಬಂದಿವೆ. ಪೂವಿನಬಾಗೆ ರಾಯಬಾಗವಾಯಿತು. ಬೆಳಗಾಂವವು 2014ರ ನವೆಂಬರ್ 1ರಂದು ಸರಕಾರದ ಕಾಗದಗಳಲ್ಲಿ ಬೆಳಗಾವಿಯಾಯಿತು. ಚಿಕ್ಕೋಡಿಯಿಂದ ನಿಪ್ಪಾಣಿಯೂ ಅಥಣಿಯಿಂದ ಕಾಗವಾಡವೂ ಇತ್ತೀಚಿನ ವರ್ಷಗಳಲ್ಲಿ ಬೇರೆ ತಾಲೂಕುಗಳಾದವು. ಹಳೆಯ ಹೆಸರಿನಲ್ಲಿ ಬರೆದ ಪಟ್ಟಿಯನ್ನು ಹೊಸ ಹೆಸರಿನಿಂದ ಕೇಳಿದರೆ ಬರುವ ಉತ್ತರ ಯಾವುದೆಂಬುದನ್ನು ನೀವೇ ಊಹಿಸಬಲ್ಲಿರಿ.

ಹೆಸರಿನ ತಪ್ಪಲ್ಲದೆ ಅನ್‌ಡಿಫೈನ್ಡ್ ಹುಟ್ಟುವ ಇನ್ನೂ ಕೆಲವು ಮೂಲಗಳಿವೆ. ಹೆಸರನ್ನು ಘೋಷಿಸಿ ಬೆಲೆಯನ್ನು ಕೊಡದೆ ಬಿಟ್ಟರೆ ಅದು ಹುಟ್ಟುತ್ತದೆ. ಕೆಲಸವೊಂದಕ್ಕೆ ಮೂರು ಸಾಮಗ್ರಿ ಬೇಕಿದ್ದು ಎರಡನ್ನೇ ಒಪ್ಪಿಸಿದರೆ ಮೂರನೆಯದರ ಜಾಗದಲ್ಲಿ ಹುಟ್ಟುತ್ತದೆ. ಸಂತೆಗೆ ಕಳಿಸಿದ ಹುಡುಗನು ದರ ವಿಚಾರಿಸಿಕೊಂಡು ಬಂದು, ಬಾಯಿ ಬಿಡದೆ ಕುಳಿತರೆ ಹೇಗೆ? ಹಾಗೆ ಲೆಕ್ಕ ಮಾಡಿಯೂ ಫಲವನ್ನು ಹಿಂದಿರುಗಿಸದ ಕ್ರಮವಿಧಿಯಿಂದಲೂ ಇದೇ ಹುಟ್ಟುತ್ತದೆ. ಸಾಲಿನಲ್ಲಿ ಎಣಿಕೆ ಸೊನ್ನೆಯಿಂದ ಮೊದಲಾಗುವುದರಿಂದ ಹತ್ತು ಹೆಸರುಗಳ ಸಾಲಿನಲ್ಲಿ ಕಡೆಯದರ ಸಂಖ್ಯೆ ಒಂಬತ್ತು. ಹತ್ತನ್ನು ಕೇಳಿದವನಿಗೆ ಸಿಗುವುದು ಅನ್‌ಡಿಫೈನ್ಡ್. ಕೊನೆಯದಾಗಿ, ಕಾಲದ ತಪ್ಪು. ಪರದೆಯು ದೂರದ ಯಂತ್ರವನ್ನು ಪಟ್ಟಿ ಕಳಿಸೆಂದು ಕೇಳಿ, ಅದು ಬರುವ ಮುನ್ನವೇ ಓದಲು ಹೋಗುತ್ತದೆ. ಹಳೆಯ ವಾಲ್ವಿನ ರೇಡಿಯೋ ಬಳಸಿದ ಮನೆಗಳಲ್ಲಿ ಇದನ್ನು ವಿವರಿಸುವ ಅಗತ್ಯವಿಲ್ಲ. ಗುಂಡಿ ತಿರುಗಿಸಿದ ಕೂಡಲೇ ಧ್ವನಿ ಬರಲಿಲ್ಲವೆಂದರೆ ನಿಲಯವು ಮೂಕವಾಯಿತೆಂದಲ್ಲ. ವಾಲ್ವು ಕಾಯುವತನಕ ತಾಳಬೇಕು. ಇಂಥ ತಾಳ್ಮೆಗೆಂದೇ ಭಾಷೆಯಲ್ಲಿ 2015ರಲ್ಲಿ ‘ಪ್ರಾಮಿಸ್’ ಎಂಬ ವಾಗ್ದಾನಪತ್ರವೂ 2017ರಲ್ಲಿ ‘ಅವೇಟ್’ ಎಂಬ ಕಾಯುವ ಆಜ್ಞೆಯೂ ಸೇರಿದವು.

ರೋಗವನ್ನು ಗುರುತಿಸುವ ಬಗೆ ಹೇಗೆ? ಇಲ್ಲದ್ದನ್ನು ಕೇಳಿದರೆ ಮೌನ ತಾಳುವ ಈ ಭಾಷೆ, ಇಲ್ಲದ್ದರಿಂದ ಮತ್ತೇನನ್ನಾದರೂ ಕೇಳಿದರೆ ಮಾತ್ರ ಕೂಗಿಕೊಳ್ಳುತ್ತದೆ. ರೈತನ ಬ್ಯಾಂಕಿನ ವಿವರವೇ ದಾಖಲೆಯಲ್ಲಿಲ್ಲ; ಆ ಬ್ಯಾಂಕಿನ ಖಾತೆಯ ಅಂಕಿ ಕೊಡೆಂದು ಕೇಳಿದರೆ, ಅನ್‌ಡಿಫೈನ್ಡ್‌ನಿಂದ ‘ಖಾತೆ’ಯನ್ನು ಓದಲಾಗದೆಂದು ಹೇಳಿ ಕೆಲಸವನ್ನು ನಿಲ್ಲಿಸುತ್ತದೆ. ಹೊಸಬರು ಇಲ್ಲಿ ‘ಖಾತೆ’ ಎಂಬ ಮಾತಿನ ಬೆನ್ನು ಹತ್ತುತ್ತಾರೆ. ಅದು ದಾರಿಯಲ್ಲ. ದೋಷವಿರುವುದು ಕೇಳಿದ ವಸ್ತುವಿನಲ್ಲಲ್ಲ, ಯಾರಿಂದ ಕೇಳಿತೋ ಆತನಲ್ಲಿ. ಖಾತೆಯ ಹಿಂದಿರುವ ಬ್ಯಾಂಕೇ ಇಲ್ಲವಾಗಿದೆ. ಕೂಗಿನ ಜೊತೆಗೆ ಯಂತ್ರವು ಸಾಲಿನ ಅಂಕಿಯನ್ನೂ, ಯಾವ ಕೆಲಸ ಯಾವುದನ್ನು ಕರೆಯಿತೆಂಬ ಸರಣಿಯನ್ನೂ ಮುದ್ರಿಸುತ್ತದೆ. ಅದನ್ನು ಮೇಲಿನಿಂದ ಕೆಳಕ್ಕೆ ಓದುತ್ತ, ಬೆಲೆ ಎಲ್ಲಿಯವರೆಗೆ ಸರಿಯಾಗಿತ್ತು, ಎಲ್ಲಿಂದ ಬರಿದಾಯಿತು ಎಂದು ಹಿಂದಕ್ಕೆ ಹೋಗಬೇಕು. ಕಾಲುವೆಯ ತುದಿಯ ಹೊಲಕ್ಕೆ ನೀರು ಬರದಿದ್ದರೆ ಒಡ್ಡು ಒಡೆದ ಜಾಗವನ್ನು ಆ ಹೊಲದಲ್ಲಿ ಹುಡುಕುತ್ತೇವೆಯೆ? ಕಾಲುವೆಯನ್ನು ಹಿಡಿದು ಮೇಲಕ್ಕೆ ನಡೆಯಬೇಕು.

ಇನ್ನು ಚಿಕಿತ್ಸೆ. ಇಲ್ಲಿಯೇ ಹೆಚ್ಚಿನ ಎಚ್ಚರ ಬೇಕು. ಅವಸರದ ತಜ್ಞನು ಮೇಲಿನ ಕಬ್ಬಿನ ಲೆಕ್ಕಕ್ಕೆ ಒಂದು ತೇಪೆಯನ್ನು ಹಾಕುತ್ತಾನೆ: ‘ಮುರಿತದ ದರ ಇಲ್ಲದಿದ್ದರೆ 300 ಎಂದು ಹಿಡಿ.’ ಬಹುಕಾಲ ಇದನ್ನು ಎರಡು ನೆಟ್ಟಗೆರೆಗಳ ಗುರುತಿನಿಂದ ಬರೆಯುತ್ತಿದ್ದರು. ಕೂಡಲೇ ಪರದೆಯಿಂದ ನ್ಯಾನ್ ಮಾಯವಾಯಿತು, ಎಲ್ಲರಿಗೂ ಸಂತೋಷ. ಆದರೆ ಆ ಎರಡು ಗೆರೆಗಳ ಕಣ್ಣಿಗೆ ಸೊನ್ನೆಯೂ ‘ಇಲ್ಲ’ವೇ. ಸ್ವಂತ ಗಾಡಿಯಲ್ಲಿ 12 ಟನ್ನು ಕಬ್ಬು ತಂದ ಮತ್ತೊಬ್ಬ ರೈತನಿಗೆ ಸಾಗಣೆಯ ಮುರಿತ ಸೊನ್ನೆಯೆಂದು ಸರಿಯಾಗಿಯೇ ಬರೆದಿತ್ತು. ತೇಪೆಯು ಆ ಸೊನ್ನೆಯನ್ನು ಒರಸಿ 300 ಎಂದು ಹಿಡಿಯಿತು. ಅವನಿಂದ 3600 ರೂಪಾಯಿಗಳನ್ನು ಮುರಿದುಕೊಂಡಿತು. ಈಗ ಯಂತ್ರ ಕೂಗುವುದಿಲ್ಲ, ಪರದೆಯ ಮೇಲೆ ಇಂಗ್ಲಿಷ್ ಮಾತೂ ಇಲ್ಲ. ಅಂಕಿಗಳೆಲ್ಲ ನೆಟ್ಟಗೆ ಕಾಣುತ್ತಿವೆ. ಬ್ರಹ್ಮಗುಪ್ತನು 628ರಲ್ಲಿ ಕಲಿಸಿದ್ದನ್ನು ಮರೆತದ್ದಕ್ಕೆ ರೈತನು ದಂಡ ತೆತ್ತನು.

2020ರ ಆವೃತ್ತಿಯಲ್ಲಿ ಇದಕ್ಕೊಂದು ಪರಿಹಾರ ಬಂದಿತು. ಎರಡು ಪ್ರಶ್ನಾರ್ಥಕ ಚಿಹ್ನೆಗಳ ಹೊಸ ಗುರುತು ನಲ್ ಮತ್ತು ಅನ್‌ಡಿಫೈನ್ಡ್‌ಗಳನ್ನು ಮಾತ್ರ ‘ಇಲ್ಲ’ವೆಂದು ಎಣಿಸುತ್ತದೆ, ಸೊನ್ನೆಯನ್ನು ಸೊನ್ನೆಯಾಗಿಯೇ ಉಳಿಸುತ್ತದೆ. ಸ್ವಂತ ಗಾಡಿಯ ರೈತನು ಬದುಕಿದನು. ಹಾಗಾದರೆ ಅಲಖನೂರದವನ ಗತಿ? ಅವನ ಮುರಿತ ನಿಜವಾಗಿ ಟನ್ನಿಗೆ 200. ಉಕಾರದ ದೋಷದಿಂದ ಅದು ಅನ್‌ಡಿಫೈನ್ಡ್ ಆದುದರಿಂದ ಹೊಸ ಗುರುತೂ 300ನ್ನೇ ಹಿಡಿಯುತ್ತದೆ. 3600ರ ಜಾಗದಲ್ಲಿ 5400 ಹೋಯಿತು. 1800 ರೂಪಾಯಿಗಳ ನಷ್ಟ. ಅದೇ ವರ್ಷ ಬಂದ ಇನ್ನೊಂದು ಗುರುತು, ಪ್ರಶ್ನಾರ್ಥಕದ ಜೊತೆಗೆ ಒಂದು ಚುಕ್ಕೆ, ಬ್ಯಾಂಕೇ ಇಲ್ಲದಿದ್ದರೂ ಖಾತೆಯನ್ನು ಕೇಳಿ ಕೂಗಿಲ್ಲದೆ ಮುಂದೆ ಸಾಗಲು ನೆರವಾಗುತ್ತದೆ. ಖಾತೆ ಇಲ್ಲದಿರುವುದು ಸಹಜವಾದ ಕಡೆ ಅದು ಉಪಕಾರಿ. ಇರಲೇಬೇಕಾದ ಕಡೆ ಬಳಸಿದರೆ ಕಾವಲು ನಾಯಿಯ ಬಾಯಿ ಕಟ್ಟಿದಂತೆ.

ಆದುದರಿಂದ ತೇಪೆಯನ್ನು ಹಾಕುವ ಮುನ್ನ ಕೇಳತಕ್ಕ ಪ್ರಶ್ನೆ ಒಂದೇ: ಈ ಬೆಲೆ ಇಲ್ಲದಿರುವುದು ನ್ಯಾಯವೆ, ಅಲ್ಲವೆ? ನ್ಯಾಯವಾಗಿದ್ದರೆ ಅದಕ್ಕೆ ತಕ್ಕ ಬದಲು ಬೆಲೆಯನ್ನು ತಿಳಿದು ಕೊಡಬೇಕು. ನ್ಯಾಯವಲ್ಲದಿದ್ದರೆ ಯಂತ್ರವನ್ನು ಅಲ್ಲಿಯೇ ನಿಲ್ಲಿಸಿ, ‘ಈ ಊರು ಪಟ್ಟಿಯಲ್ಲಿಲ್ಲ, ಹೆಸರನ್ನು ಸರಿಪಡಿಸಿರಿ’ ಎಂದು ಕನ್ನಡದಲ್ಲಿಯೇ ಹೇಳಿಸಬೇಕು. ಊರಿನ ಹೆಸರನ್ನು ಕಾರಕೂನನ ಕೈಬರಹಕ್ಕೆ ಬಿಡದೆ ಪಟ್ಟಿಯಿಂದ ಆರಿಸುವಂತೆ ಮಾಡುವುದು ಇನ್ನೂ ಲೇಸು. ತಪ್ಪು ಹುಟ್ಟುವ ಬಾಗಿಲೇ ಮುಚ್ಚಿತು. ಹೆಸರು ಬದಲಾದ ಊರುಗಳಿಗೆ ಹಳೆಯ ಹೆಸರಿನಿಂದ ಹೊಸದಕ್ಕೆ ದಾರಿ ತೋರುವ ಇನ್ನೊಂದು ಪಟ್ಟಿಯನ್ನು ಇಡಬೇಕು.

ಭಾಷೆಯ ಇತಿಹಾಸವೂ ಮೌನದಿಂದ ಮಾತಿನ ಕಡೆಗೆ ನಡೆದ ಇತಿಹಾಸವೇ ಆಗಿದೆ. 2009ರ ‘ಕಟ್ಟುನಿಟ್ಟಿನ ರೀತಿ’ಯು ಘೋಷಿಸದ ಹೆಸರಿಗೆ ಬೆಲೆ ಕೊಡಹೋದರೆ ಗದರಿಸತೊಡಗಿತು. 2015ರಲ್ಲಿ ಬಂದ ‘ಲೆಟ್’, ‘ಕಾನ್ಸ್ಟ್’ ಎಂಬ ಘೋಷಣೆಗಳು, ಘೋಷಣೆಯ ಸಾಲನ್ನು ಮುಟ್ಟುವ ಮುನ್ನ ಹೆಸರನ್ನು ಬಳಸಿದರೆ ಅನ್‌ಡಿಫೈನ್ಡ್ ಕೊಡುವ ಬದಲು ಕೆಲಸವನ್ನೇ ತಡೆಯುತ್ತವೆ. 2012ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಹೊರತಂದ ಟೈಪ್‌ಸ್ಕ್ರಿಪ್ಟ್ ಭಾಷೆಗೆ 2016ರಲ್ಲಿ ಒಂದು ಕಟ್ಟಳೆ ಸೇರಿತು. ಅದನ್ನು ಆರಿಸಿಕೊಂಡವರ ಬರಹದಲ್ಲಿ ಬೆಲೆ ಇಲ್ಲದಿರಬಹುದಾದ ಹಲವು ಕಡೆಗಳನ್ನು ಯಂತ್ರವು ಕೆಲಸ ಆರಂಭವಾಗುವ ಮೊದಲೇ ಎತ್ತಿ ತೋರಿಸುತ್ತದೆ. ಹೋರ್ ಅವರು ವಿಷಾದಿಸಿದ ತಪ್ಪಿಗೆ ಹೀಗೆ ಸ್ವಲ್ಪ ಸ್ವಲ್ಪವಾಗಿ ಪ್ರಾಯಶ್ಚಿತ್ತ ನಡೆಯುತ್ತಿದೆ.

ಹೊಸ ಭಾಷೆಗಳಾಗಲಿ ಹೊಸ ಗುರುತುಗಳಾಗಲಿ ಬರಿಯ ಮನೆಗೆ ಅರ್ಥವನ್ನು ತಾವಾಗಿ ತುಂಬಲಾರವು. ಅದು ಬರೆಯುವ ಮನುಷ್ಯನ ಕೆಲಸ. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಈ ವಿದ್ಯೆಯನ್ನು ಕಲಿಯುತ್ತಿದ್ದರೆ, ಪರದೆಯ ಮೇಲೆ ಅನ್‌ಡಿಫೈನ್ಡ್ ಎಂಬ ಮಾತು ಕಂಡಾಗ ಬೇಸರಪಟ್ಟುಕೊಳ್ಳಬೇಡವೆಂದು ಹೇಳಿರಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳಿದ ಯಂತ್ರವು ಸುಳ್ಳಾಡಲಿಲ್ಲ. ಆ ಮಾತನ್ನು ಅಳಿಸುವುದಕ್ಕಿಂತ ಅದಕ್ಕೆ ಉತ್ತರ ಕೊಡುವುದು ಮುಖ್ಯ. ಅಳಿಸಿದವನಿಗೆ ಚೊಕ್ಕಟವಾದ ಪರದೆ ದಕ್ಕೀತು. ಉತ್ತರ ಕೊಟ್ಟವನ ಲೆಕ್ಕದಲ್ಲಿ ಅಲಖನೂರದ ರೈತನಿಗೆ ಅವನ 50400 ರೂಪಾಯಿ ಪೂರ್ತಿಯಾಗಿ ಮುಟ್ಟುವುದು.